ಬಿಕ್ಕಳಿಕೆಗೊಂದು ಹೆಸರು

"ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ," ಎಂದೆ ನಾನು.

"ಆರು ತಿಂಗಳಿಗೊಮ್ಮೆ ಸಾಕು ಮೇಡಂ," ಎಂದರು ಅವರು.

ಒಂದು ವರ್ಷದಿಂದ ಎದೆಯಲ್ಲಿಟ್ಟುಕೊಂಡು, ಕನ್ನಡಿಯ ಮುಂದೆ ನಾಲ್ಕು ಸಲ ಹೇಳಿ ನೋಡಿ, ನಾಲಿಗೆ ಒಣಗಿಸಿಕೊಂಡು ಆಡಿದ ಮಾತಿಗೆ ನನಗೆ ಸಿಕ್ಕ ಉತ್ತರ ಇದು. ಆಗ ಅವರ ತಲೆ ಮೀನಿನ ಟ್ಯಾಂಕಿನ ಕೆಳಗಿನ ಕಪಾಟಿನೊಳಗಿತ್ತು, ಕೈ ಫಿಲ್ಟರಿನ ಮೇಲಿತ್ತು. ಮುಖ ನನಗೆ ಕಾಣುತ್ತಿರಲಿಲ್ಲ. ಕಾಣುವುದಿಲ್ಲವೆಂಬ ಧೈರ್ಯದ ಮೇಲೇ ನಾನು ಬಾಯಿ ಬಿಟ್ಟದ್ದು.

ನಾನು ಕಿವಿಯ ಕೆಲಸದವಳು. ಬೀದಿಯವರು ಕಿವಿ ಡಾಕ್ಟ್ರು ಎನ್ನುತ್ತಾರೆ. ಡಾಕ್ಟ್ರಲ್ಲ ಎಂದು ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೇನೆ. ಯಾರ ಕಿವಿಗೆ ಎಷ್ಟು ಕೇಳುತ್ತದೆ ಎಂದು ಅಳೆಯುವುದು, ಕಡಿಮೆ ಕೇಳುವವರಿಗೆ ಮಷಿನ್ ಹೊಂದಿಸಿಕೊಡುವುದು ನನ್ನ ಕಸುಬು. ಮಹಡಿಯ ಮೇಲೆ ಎರಡು ಕೋಣೆ. ಒಳಗಿನ ಕೋಣೆಯಲ್ಲಿ ಗಾಜಿನ ಕಿಟಕಿ ಇರುವ, ಹೊರಗಿನ ಸದ್ದು ನುಗ್ಗದ ಒಂದು ಪುಟ್ಟ ಗೂಡು. ಅದರಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಗಾಜಿನ ಈಚೆಯಿಂದ ಮೈಕಿನಲ್ಲಿ ದಿನಕ್ಕೆ ಹತ್ತು ಸಲ ಒಂದೇ ಮಾತು ಹೇಳುತ್ತೇನೆ: "ಕೇಳಿಸಿದ್ರೆ ಕೈ ಎತ್ತಿ." ಹೊರಗಿನ ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದು ಮೇಜು, ಮೇಜಿನ ಹಿಂದೆ ನನ್ನ ಸೋದರತ್ತೆ, ಅವಳ ಎದುರಿಗೆ ಟ್ಯಾಂಕು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಈಗ ಅವಳ ಕಿವಿಯೇ ಮಂದ. ನಾನೇ ಹೊಂದಿಸಿಕೊಟ್ಟ ಮಷಿನ್ನನ್ನು ಮೇಜಿನ ಡ್ರಾಯರಿನಲ್ಲಿ ಸೂಜಿದಾರದ ಜೊತೆ ಹಾಕಿಟ್ಟಿರುತ್ತಾಳೆ. "ಊರೋರ ಮಾತೆಲ್ಲ ಕೇಳಿ ಮುಗಿಸಿದೀನಿ ಕಣೇ. ಇನ್ನು ಬೇಕಾದ್ದು ಮಾತ್ರ ಕೇಳ್ತೀನಿ," ಎನ್ನುತ್ತಾಳೆ. ಕಿವಿ ಮಷಿನ್ ಕೊಡುವ ಜಾಗದ ಬಾಗಿಲಲ್ಲೇ ಮಷಿನ್ ಹಾಕದ ಅತ್ತೆ ಕೂತಿದ್ದರೆ ಬಂದವರು ಏನಂದುಕೊಳ್ಳಬೇಡ! ಆದರೆ ಅವಳಿಗೆ ಹೇಳುವವರು ಯಾರು?

ಟ್ಯಾಂಕು ನಾವು ತಂದದ್ದಲ್ಲ. ನಮಗಿಂತ ಮೊದಲು ಇಲ್ಲಿದ್ದ ಹಲ್ಲಿನ ಡಾಕ್ಟ್ರು ಜಾಗ ಖಾಲಿ ಮಾಡುವಾಗ ಹೊರಲಾರದೆ ಐದು ಮೀನುಗಳ ಸಮೇತ ಬಿಟ್ಟುಹೋಗಿದ್ದರು. ಬಂದ ಮೊದಲ ವಾರವೇ ಅದರ ಕಪಾಟಿನೊಳಗಿಂದ ಸದ್ದು ಶುರುವಾಯಿತು. ಗುಳಕ್. ಸ್ವಲ್ಪ ಬಿಟ್ಟು ಮತ್ತೆ ಗುಳಕ್. ಒಳಗೆ ಸಣ್ಣ ಸದ್ದುಗಳನ್ನು ಅಳೆಯುವ ಕೆಲಸ ನನ್ನದು, ಹೊರಗೆ ಇದು. ಗಾಜಿನ ಅಂಚಿಗೆ ಅಂಟಿಸಿದ್ದ ಚೀಟಿಯಲ್ಲಿ ಒಂದು ನಂಬರಿತ್ತು. ಫೋನ್ ಮಾಡಿದೆ.

"ನಮ್ಮ ಫಿಲ್ಟರಿಗೆ ಬಿಕ್ಕಳಿಕೆ ಬಂದಿದೆ," ಎಂದೆ. ಮೀನಿನ ವಿಷಯ ನನಗೆ ಗೊತ್ತಿರಲಿಲ್ಲ, ಸದ್ದಿನ ವಿಷಯ ಗೊತ್ತಿತ್ತು.

 ಆ ಕಡೆಯಿಂದ ನಗು ಅಡಗಿಸಿಕೊಂಡ ಗಂಡು ದನಿ: "ಯಾರೋ ನೆನೆಸ್ಕೊಳ್ತಿರ್ಬೇಕು ಮೇಡಂ. ಬಂದು ಯಾರು ಅಂತ ನೋಡ್ತೀನಿ."

ಅರ್ಧ ಗಂಟೆಯಲ್ಲಿ ಬಂದರು. ಮೊಳಕೈ ಮೇಲಕ್ಕೆ ಮಡಿಚಿದ ತುಂಬುತೋಳಿನ ಶರ್ಟು, ಹೆಗಲ ಮೇಲೊಂದು ಟವೆಲ್ಲು, ಕೈಯಲ್ಲಿ ನೀಲಿ ಬಕೆಟ್ಟು. ನೆಲದ ಮೇಲೆ ಮಂಡಿಯೂರಿ ಕಪಾಟಿನ ಬಾಗಿಲು ತೆರೆದರು. ಒಳಗೆ ಸ್ಟೂಲಿನಷ್ಟು ಎತ್ತರದ ಕಪ್ಪು ಡಬ್ಬ, ಅದರ ತಲೆಯಿಂದ ಟ್ಯಾಂಕಿಗೆ ಹೋಗುವ ಎರಡು ಕೊಳವೆ. ನೀರು ಒಂದರಲ್ಲಿ ಇಳಿದು, ಡಬ್ಬದೊಳಗೆ ಶುದ್ಧವಾಗಿ, ಇನ್ನೊಂದರಲ್ಲಿ ಮೇಲೆ ಹೋಗುತ್ತದೆ. ಕ್ಯಾನಿಸ್ಟರ್ ಫಿಲ್ಟರ್ ಅಂದರೆ ಇದೇ ಎಂದು ನನಗೆ ಗೊತ್ತಾದದ್ದು ಅವತ್ತು.

"ಒಳಗೆ ಗಾಳಿ ಸಿಕ್ಕೊಂಡಿದೆ. ಇದಕ್ಕೂ ನಮ್ಮ ಥರಾನೇ ಮದ್ದು," ಎಂದು ಅವರು ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಮಗುವನ್ನು ತೂಗುವಂತೆ ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿದರು. "ಒಬ್ಬೊಬ್ಬರದೇ ಹೆಸರು ಹೇಳ್ತಾ ಹೋಗ್ಬೇಕು. ನೆನೆಸ್ಕೊಂಡೋರ ಹೆಸರು ಬಂದಾಗ ನಿಲ್ಲುತ್ತೆ. ಹಲ್ಲಿನ ಡಾಕ್ಟ್ರಾ?"

ಗುಳಕ್.

"ಅವರ ನರ್ಸಮ್ಮನಾ?"

ಗುಳಕ್.

"ಬಿಲ್ಡಿಂಗ್ ಓನರ್ರಾ?"

ಗುಳಕ್, ಗುಳಕ್.

ಅವರು ಕತ್ತು ತಿರುಗಿಸಿ ಮೇಜಿನ ಕಡೆ ನೋಡಿದರು. "ಇವರಾ?" ಎಂದು ಡಬ್ಬವನ್ನು ಇನ್ನೊಂದಿಷ್ಟು ವಾಲಿಸಿದರು. ಮೇಲೆ ನೀರಿನಲ್ಲಿ ಒಂದು ದೊಡ್ಡ ಗುಳ್ಳೆ ಎದ್ದು ಒಡೆಯಿತು. ಬಿಕ್ಕಳಿಕೆ ನಿಂತುಹೋಯಿತು.

"ಹೂಂನಪ್ಪ, ನಾನೇ ನೆನೆಸ್ಕೊಂಡಿದ್ದೆ," ಎಂದಳು ಮಷಿನ್ ಹಾಕದ ಅತ್ತೆ. "ಆ ದಪ್ಪಂದನ್ನ ಹುರಿದ್ರೆ ಎಷ್ಟು ಜನಕ್ಕಾಗುತ್ತೆ ಅಂತ."

ಆ ದಪ್ಪ ಕೇಸರಿ ಮೀನಿಗೆ ಅಂದಿನಿಂದ ಕುಂಬಳಕಾಯಿ ಎಂದು ಹೆಸರಾಯಿತು. ಅವರಿಗೆ ಅತ್ತೆ ಮೀನಪ್ಪ ಎಂದು ಹೆಸರಿಟ್ಟಳು. ನಾನು ಮಾತ್ರ ಏನೂ ಕರೆಯುತ್ತಿರಲಿಲ್ಲ. ಮನಸ್ಸಿನಲ್ಲಿ "ಅವರು" ಎಂದಷ್ಟೇ ಅಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಳ್ಳಲು ಶುರುಮಾಡಿದರೆ ಮುಂದೇನಾಗುತ್ತದೆ ಎಂದು ಹೆಣ್ಣುಮಕ್ಕಳಿಗೆ ಗೊತ್ತಿರುತ್ತದೆ.

ಹದಿನೈದು ದಿನಕ್ಕೊಮ್ಮೆ ಬುಧವಾರ ಅವರು ಬರುತ್ತಿದ್ದರು. ನಾಲ್ಕು ಗಂಟೆಗೆ ಪಡುವಣ ಕಿಟಕಿಯ ಬಿಸಿಲು ಟ್ಯಾಂಕಿನೊಳಗೆ ಹಾದು ಆಚೆಗೆ ಬರುತ್ತದೆ. ಗೋಡೆ, ಸೂರು, ಖಾಲಿ ಕುರ್ಚಿ ಎಲ್ಲದರ ಮೇಲೂ ನೀರಿನ ನೆರಳು ತೇಲುತ್ತದೆ. ಆ ಹೊತ್ತಿಗೆ ನಾನು ಯಾರಿಗೂ ಅಪಾಯಿಂಟ್‌ಮೆಂಟ್ ಕೊಡುತ್ತಿರಲಿಲ್ಲ. ಅವರ ಬಿಳಿ ಶರ್ಟಿನ ಬೆನ್ನ ಮೇಲೆ ಬೆಳಕು ತೂಗಾಡುವುದನ್ನು ನೋಡುತ್ತ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಅವರ ಕೈಗೆ ಅವಸರವೆಂಬುದು ಗೊತ್ತಿರಲಿಲ್ಲ. ಮೊದಲು ಕರೆಂಟ್ ತೆಗೆಯುವುದು. ಎರಡೂ ಕೊಳವೆಗಳ ವಾಲ್ವ್ ಮುಚ್ಚಿ ಡಬ್ಬವನ್ನು ಬಿಡಿಸುವುದು. ಒಳಗಿನ ಸ್ಪಾಂಜನ್ನು ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿ ಅದ್ದಿ ಅದ್ದಿ ಹಿಂಡುವುದು.

"ನಲ್ಲಿ ಕೆಳಗೆ ಹಿಡಿದ್ರೆ ಒಂದೇ ನಿಮಿಷದಲ್ಲಿ ಆಗಲ್ವಾ?" ಎಂದು ಕೇಳಿದ್ದೆ ಒಮ್ಮೆ.

"ಆಗುತ್ತೆ. ಆದ್ರೆ ಇದರೊಳಗೆ ಕಣ್ಣಿಗೆ ಕಾಣದ ಜೀವಗಳು ಮನೆ ಮಾಡ್ಕೊಂಡಿವೆ ಮೇಡಂ. ನೀರನ್ನ ಕಾಯೋದು ಅವೇ. ನಲ್ಲಿ ನೀರಿನ ಔಷಧಿಗೆ ಎಲ್ಲಾ ಸಾಯ್ತವೆ. ಕ್ಲೀನ್ ಆಗಿರೋದಕ್ಕೂ ಖಾಲಿಯಾಗಿರೋದಕ್ಕೂ ವ್ಯತ್ಯಾಸ ಇದೆ."

ಮುಚ್ಚಳದ ರಬ್ಬರ್ ರಿಂಗಿಗೆ ಬೆರಳ ತುದಿಯಲ್ಲಿ ಒಂದಿಷ್ಟು ಗ್ರೀಸ್ ಸವರಿ, ಕ್ಲಿಪ್ಪುಗಳನ್ನು ಹಾಕಿ, ಡಬ್ಬವನ್ನು ಮತ್ತೆ ಕಪಾಟಿನಲ್ಲಿ ಕೂರಿಸುತ್ತಿದ್ದರು. ಆಮೇಲಿನದು ನನಗೆ ಅತ್ಯಂತ ಇಷ್ಟವಾದ ಭಾಗ. ವಾಲ್ವ್ ತೆರೆದು ಡಬ್ಬದ ತಲೆಯ ಮೇಲಿನ ಗುಂಡಿಯನ್ನು ನಾಲ್ಕೈದು ಸಲ ಒತ್ತಿ, ಕೈ ತೆಗೆದು ಸುಮ್ಮನೆ ಕೂತುಬಿಡುತ್ತಿದ್ದರು. ನೀರು ತಾನಾಗಿಯೇ ಕೊಳವೆಯಲ್ಲಿ ಇಳಿಯುವುದು ಕೇಳುತ್ತಿತ್ತು. ಇನ್ನೊಂದು ಕೊಳವೆಯ ಬಾಯಲ್ಲಿ ಗುಳ್ಳೆಗಳ ಸಾಲು ಏಳುತ್ತಿತ್ತು.

"ಸ್ವಿಚ್ ಹಾಕಲ್ವಾ?"

"ಈಗಲೇ ಬೇಡ. ಒಳಗಿನ ಉಸಿರೆಲ್ಲ ಹೊರಗೆ ಹೋಗ್ಲಿ. ಗಾಳಿ ಇಟ್ಕೊಂಡು ಸ್ವಿಚ್ ಹಾಕಿದ್ರೆ ಮೋಟಾರ್ ಬರೀ ಕೂಗಾಡುತ್ತೆ, ನೀರು ಎತ್ತಲ್ಲ."

"ಎಷ್ಟು ಹೊತ್ತು ಕಾಯ್ಬೇಕು?"

"ಅದಾಗಿ ಅದೇ ಸುಮ್ಮನಾಗೋವರೆಗೂ."

ಆ ಕಾಯುವ ಐದಾರು ನಿಮಿಷಗಳಲ್ಲೇ ನಾವು ಮಾತಾಡಿದ್ದೆಲ್ಲ. ನಾನು ಬಾಯಿ ತೆರೆದರೆ ಸಾಕು, ಅವರು ಕೆಲಸ ನಿಲ್ಲಿಸಿ, ತಲೆಯನ್ನು ಒಂದಿಷ್ಟು ತಿರುಗಿಸಿ, ಬಲಗೆನ್ನೆಯನ್ನು ನನ್ನತ್ತ ಒಡ್ಡಿ, ಓರೆನೋಟದಲ್ಲಿ ನನ್ನ ತುಟಿಗಳನ್ನೇ ನೋಡುತ್ತ ಕೇಳುತ್ತಿದ್ದರು. ನಾನು ಹೇಳುವುದು ಎಂಥ ಮಹಾ ಮಾತು? ಬಸ್ಸು ತಡವಾಯಿತು, ಕೊಡೆ ಮರೆತೆ. ಅದನ್ನೂ ಹಾಗೆಯೇ ಕೇಳುತ್ತಿದ್ದರು. ದಿನವೆಲ್ಲ ಬೇರೆಯವರ ಕಿವಿಗೆ ಕಿವಿಯಾಗಿ ದುಡಿಯುವವಳಿಗೆ, ತನ್ನ ಮಾತನ್ನು ಹೀಗೆ ಕೇಳುವವರೊಬ್ಬರು ಸಿಕ್ಕಿದರೆ ಮನಸ್ಸು ಎಲ್ಲಿ ನಿಲ್ಲುತ್ತದೆ? ಆ ವಾಲಿದ ತಲೆಗೇ ನಾನು ಸೋತದ್ದು.

ತಮಾಷೆಯೂ ಚೆನ್ನಾಗಿ ಮಾಡುತ್ತಿದ್ದರು. ಒಂದು ದಿನ ಹಿಂದಿನಿಂದ ಟೀ ಲೋಟ ಹಿಡಿದು ಬಂದು, "ಸಕ್ಕರೆ ಎಷ್ಟು?" ಎಂದೆ.

"ಐದು ಮೇಡಂ. ಕುಂಬಳಕಾಯಿ ಸೇರಿ," ಎಂದರು ಮೀನುಗಳನ್ನು ನೋಡುತ್ತ.

ನಾನು ಬಿದ್ದು ಬಿದ್ದು ನಕ್ಕೆ. ಅವರೂ ನಕ್ಕರು, ಒಂದು ಕ್ಷಣ ತಡವಾಗಿ. ಆ ತಡವನ್ನೂ ನಾನು ನಾಚಿಕೆ ಎಂದೇ ತಿಳಿದೆ.

ಹೀಗೆ ವರ್ಷವಾಯಿತು. ಆ ಬುಧವಾರ ಅವರ ಬಲಗಡೆ ಬಕೆಟ್ಟು, ಪೈಪು, ಟವೆಲ್ಲು ಎಲ್ಲ ಹರಡಿದ್ದವು. ನಾನು ಅವರಿಗೂ ಗೋಡೆಗೂ ನಡುವಿನ ಸಂದಿನಲ್ಲಿ, ಎಡಗಡೆ, ಮುದುಡಿ ಕೂತೆ. ಅವರು ತಲೆಯನ್ನು ಕಪಾಟಿನೊಳಗೆ ಹಾಕಿ ಗುಂಡಿ ಒತ್ತುತ್ತಿದ್ದರು. ಬೆಳಕು ಬೆನ್ನ ಮೇಲೆ ತೇಲುತ್ತಿತ್ತು. ಈಗ ಬಿಟ್ಟರೆ ಇನ್ನು ಹದಿನೈದು ದಿನ ಎನ್ನಿಸಿತು. ಕಣ್ಣು ಮುಚ್ಚಿ ಹೇಳಿಬಿಟ್ಟೆ.

ಆರು ತಿಂಗಳಿಗೊಮ್ಮೆ ಸಾಕು ಮೇಡಂ.

ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲ ಅರ್ಥವಾಯಿತು. ಅವರಿಗೆ ಕೇಳಿಸಿದೆ. ಇಲ್ಲವೆನ್ನಲು ಬಾಯಿ ಬಾರದೆ, ನಾನು ಫಿಲ್ಟರಿನ ವಿಷಯ ಕೇಳಿದೆನೇನೋ ಎಂಬಂತೆ ಉತ್ತರ ಕೊಟ್ಟಿದ್ದಾರೆ. ಇದಕ್ಕೆ ಜಾಣಕಿವುಡು ಎನ್ನುತ್ತಾರೆ. ಎಷ್ಟೋ ಬಗೆಯ ಕಿವುಡನ್ನು ಅಳೆಯುವ ನನ್ನ ಯಂತ್ರಗಳಲ್ಲಿ ಆ ಒಂದನ್ನು ಅಳೆಯುವ ಯಂತ್ರ ಇಲ್ಲ.

"ಸರಿ," ಎಂದು ಎದ್ದು ಒಳಗೆ ಹೋದೆ. ಸದ್ದು ನುಗ್ಗದ ಗೂಡಿಗೆ ಸೇರಿ, ಬಾಗಿಲು ಎಳೆದುಕೊಂಡು, ದನಿ ತೆಗೆದು ಅತ್ತುಬಿಟ್ಟೆ. ಅಳುವುದಕ್ಕೆ ಅಷ್ಟು ಅನುಕೂಲವಾದ ಜಾಗ ಈ ಬೀದಿಯಲ್ಲಿ ಇನ್ನೊಂದಿಲ್ಲ.

ಮರುದಿನ ಅವರಿಗೆ ಮೆಸೇಜ್ ಕಳಿಸಿದೆ: ಇನ್ನು ಮೇಲೆ ನೀವು ಬರೋದು ಬೇಡ, ಫಿಲ್ಟರ್ ನಾನೇ ನೋಡ್ಕೊಳ್ತೀನಿ.

 ಸಂಜೆ ಉತ್ತರ ಬಂತು: ಸರಿ ಮೇಡಂ. ಸ್ಪಾಂಜನ್ನ ನಲ್ಲಿ ನೀರಲ್ಲಿ ತೊಳೀಬೇಡಿ.

ಅಷ್ಟೇ. ಯಾಕೆ ಎಂದು ಒಂದು ಮಾತು ಕೇಳಬಾರದೇ? ಆ ಸಿಟ್ಟಿನಲ್ಲಿ ಎರಡು ಬುಧವಾರ ಕಳೆದೆ. ನಾಲ್ಕು ಗಂಟೆಯ ಬೆಳಕು ತನ್ನ ಪಾಡಿಗೆ ಬಂದು ಗೋಡೆಯ ಮೇಲೆ ತೇಲಿ ಹೋಗುತ್ತಿತ್ತು. ಮೇಲೆ ಬೀಳಲು ಬಿಳಿ ಶರ್ಟಿರಲಿಲ್ಲ. ಅತ್ತೆ ಡ್ರಾಯರನ್ನು ಒಮ್ಮೆ ತೆರೆದು ಮುಚ್ಚಿದಳು.

ಮೂರನೇ ಬುಧವಾರ ನೀರು ಮಂಕಾಗಿತ್ತು. ಕುಂಬಳಕಾಯಿ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಸೊಂಟಕ್ಕೆ ದುಪ್ಪಟ್ಟಾ ಕಟ್ಟಿಕೊಂಡು ಕೂತೆ. ಕರೆಂಟ್ ತೆಗೆದೆ, ವಾಲ್ವ್ ಮುಚ್ಚಿದೆ, ಡಬ್ಬ ಬಿಡಿಸಿದೆ, ಸ್ಪಾಂಜನ್ನು ಅವರು ಹೇಳಿದ ಹಾಗೇ ಟ್ಯಾಂಕಿನ ನೀರಿನಲ್ಲೇ ಹಿಂಡಿದೆ. ಎಲ್ಲ ಜೋಡಿಸಿ ಗುಂಡಿ ಒತ್ತಿದೆ. ನೀರು ಸ್ವಲ್ಪ ಇಳಿದ ಹಾಗೆ ಮಾಡಿ ನಿಂತಿತು. ಮತ್ತೆ ಒತ್ತಿದೆ. ನಿಂತಿತು. ಕಾದೆ. ಕಾಯುವುದು ನನಗೆ ಯಾವತ್ತು ಒಲಿದಿತ್ತು? ಸ್ವಿಚ್ ಹಾಕಿದೆ. ಒಣ ಮೋಟಾರು ಗರಗರನೆ ಕೂಗಿಕೊಂಡಿತು. ಆರಿಸಿದೆ. ಹಾಕಿದೆ. ಒಂದೂವರೆ ಗಂಟೆ ಹೀಗೇ ಹೆಣಗಿ, ಒದ್ದೆ ನೆಲದ ಮೇಲೆ ಕೂತು ಎರಡನೇ ಸಲ ಅತ್ತುಬಿಟ್ಟೆ. ಬಿಕ್ಕಳಿಕೆ ಹತ್ತಿಕೊಂಡಿತು.

ಮೇಜಿನ ಹಿಂದೆ ಅತ್ತೆ ಫೋನೆತ್ತಿ ಎಕ್ಸ್‌ಚೇಂಜಿನ ಕಾಲದ ಗಂಟಲಿನಲ್ಲಿ ಕೂಗುತ್ತಿದ್ದಳು: "ಮೀನಪ್ಪಾ! ಫಿಲ್ಟರೂ ನಿಂತಿದೆ, ಇವಳಿಗೂ ಬಿಕ್ಕಳಿಕೆ ನಿಲ್ತಿಲ್ಲ. ಬಂದು ಯಾರ ಹೆಸರು ಹೇಳ್ತೀಯೋ ಹೇಳು!"

ಅವರು ಬಂದಾಗ ನಾನು ಮುಖ ತೊಳೆದುಕೊಂಡು ಗೋಡೆಯ ಕಡೆ, ಸ್ವಿಚ್ಚಿನ ಹತ್ತಿರ ನಿಂತಿದ್ದೆ. ಅವರು ನನ್ನನ್ನು ನೋಡಿದರು. ನಾನು ಕುಂಬಳಕಾಯಿಯನ್ನು ನೋಡಿದೆ. ಅವರು ಕೊಂಚ ಸೊರಗಿದ್ದರು. ಅದು ಕಂಡದ್ದಕ್ಕೆ ನನಗೆ ಸಮಾಧಾನವಾದದ್ದು ಸುಳ್ಳಲ್ಲ.

ಮಂಡಿಯೂರಿ ಕೊಳವೆಗಳ ಮೇಲೆ ಬೆರಳಾಡಿಸಿ ಹೇಳಿದರು: "ಒಳಗೆ ಬರೋ ವಾಲ್ವ್ ತೆಗೆದಿದೀರಿ. ಹೊರಗೆ ಹೋಗೋದನ್ನ ಮುಚ್ಚಿಟ್ಟಿದೀರಿ. ಪಾಪ, ಗಾಳಿ ಎಲ್ಲಿಗೆ ಹೋಗ್ಬೇಕು?"

ವಾಲ್ವ್ ತಿರುಗಿಸಿದರು. ಕೊಳವೆಯಲ್ಲಿ ನೀರು ಸರಸರನೆ ಇಳಿಯಿತು, ಮೇಲೆ ಗುಳ್ಳೆಗಳು ಎದ್ದವು. ನಾನು ಮೆಲ್ಲಗೆ ಕೇಳಿದೆ: "ಸ್ವಿಚ್ ಹಾಕ್ಲಾ?"

ಉತ್ತರವಿಲ್ಲ.

"ಹಾಕ್ಲಾ?"

ಇಲ್ಲ. ನನ್ನ ರಕ್ತ ತಲೆಗೇರಿತು. ಮತ್ತೆ ಜಾಣಕಿವುಡು! ಇಷ್ಟಾದ ಮೇಲೂ!

ಅಷ್ಟರಲ್ಲಿ ಬಲಗಡೆ, ಅಷ್ಟು ದೂರದ ಮೇಜಿನಿಂದ, ಅತ್ತೆ ತನ್ನಷ್ಟಕ್ಕೆ ತಾನೇ ಗೊಣಗಿದಳು: "ಟೀ ಇಡ್ಲೇನೋ..."

"ಬೇಡ ಅಮ್ಮಾ, ಈಗಷ್ಟೇ ಆಯ್ತು," ಎಂದರು ಅವರು ತಲೆ ಎತ್ತದೆ.

ನನ್ನ ಕಿವಿ ನೆಟ್ಟಗಾಯಿತು. ಒಳಗಿದ್ದ ಕಸುಬಿನವಳು ಆಗ ಎದ್ದು ಕೂತಳು. ವಾಲಿದ ತಲೆ. ತುಟಿಯ ಮೇಲಿನ ಕಣ್ಣು. ಫೋನು ಯಾವಾಗಲೂ ಬಲಗಿವಿಗೆ. ಕೂತರೆ ಯಾವಾಗಲೂ ಗೋಡೆ ಎಡಕ್ಕೆ. ಸಕ್ಕರೆ ಎಷ್ಟು ಎಂದರೆ ಐದು. ಬೇರೆ ಯಾರೇ ಹೀಗೆ ಬಾಗಿಲೊಳಗೆ ಬಂದಿದ್ದರೂ ಎರಡು ನಿಮಿಷದಲ್ಲಿ ಹಿಡಿಯುತ್ತಿದ್ದೆ. ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ ಅಲ್ಲವೇ?

ಖಚಿತ ಮಾಡಿಕೊಳ್ಳಬೇಕಿತ್ತು. ಅವರ ಎಡಭುಜದ ಹಿಂದೆ ಬಗ್ಗಿ, ಸಾಧಾರಣ ದನಿಯಲ್ಲಿ ಹೇಳಿದೆ: "ನಿಮ್ಮ ಬೆನ್ನ ಮೇಲೆ ಹಲ್ಲಿ ಇದೆ."

ಮಾತು ಮುಗಿದ ಮೇಲೆ ಅವರಿಗೆ ಯಾರೋ ಏನೋ ಅಂದಂತಾಯಿತು. "ಹೂಂ ಮೇಡಂ," ಎಂದರು. "ಆರು ತಿಂಗಳಿಗೊಮ್ಮೆ ಸಾಕು."

ನಗಬೇಕೋ ಅಳಬೇಕೋ ತಿಳಿಯದೆ ಗೋಡೆ ಹಿಡಿದುಕೊಂಡೆ. ಆಮೇಲೆ ಎದುರಿಗೆ ಬಂದು ನಿಂತು, ತುಟಿ ಕಾಣುವಂತೆ ಹೇಳಿದೆ: "ಏಳಿ. ಒಳಗೆ ಬನ್ನಿ."

ಅವರ ಮುಖದ ಬಣ್ಣ ಹೋಯಿತು. ಟವೆಲ್ಲಿಗೆ ಕೈ ಒರೆಸಿಕೊಂಡು ಬಂದರು. ಗೂಡಿನಲ್ಲಿ ಕೂರಿಸಿದೆ. ಹೆಡ್‌ಫೋನ್ ಹಾಕುವಾಗ ಅವರ ಕೂದಲಿಗೆ ನನ್ನ ಬೆರಳು ತಾಕಿತು. ಇಬ್ಬರೂ ಬೇರೆ ಕಡೆ ನೋಡಿದೆವು. ಗಾಜಿನ ಈಚೆ ಬಂದು ಮೈಕಿನ ಗುಂಡಿ ಒತ್ತಿದೆ.

"ಕೇಳಿಸಿದ್ರೆ ಕೈ ಎತ್ತಿ."

ಬಲಗಿವಿ: ಸೊಳ್ಳೆಯ ಹಾಡಿಗಿಂತ ಸಣ್ಣ ಸದ್ದಿಗೂ ಕೈ ಮೇಲೇಳುತ್ತಿತ್ತು. ಎಡಗಿವಿ: ಏರಿಸಿದೆ. ಇನ್ನೂ ಏರಿಸಿದೆ. ಕೊನೆಯವರೆಗೂ ಏರಿಸಿದೆ. ಕೈಗಳು ತೊಡೆಯ ಮೇಲೇ ಇದ್ದವು. ಮನೆಪಾಠ ಬರೆಯದೆ ಸಿಕ್ಕಿಬಿದ್ದ ಹುಡುಗನ ಹಾಗೆ ಅವರು ಗಾಜಿನ ಆಚೆಯಿಂದ ನನ್ನನ್ನು ನೋಡುತ್ತಿದ್ದರು.

"ಯಾವಾಗಿಂದ?" ಎಂದೆ ಮೈಕಿನಲ್ಲಿ. ಗೂಡಿನೊಳಗೂ ಒಂದು ಮೈಕಿದೆ, ಅವರ ಮಾತು ಈಚೆಗೆ ಕೇಳುತ್ತದೆ.

"ಏಳು ವರ್ಷದವನಿದ್ದಾಗ ಮಂಗನಬಾವು ಬಂತು. ಅದು ಹೋಯ್ತು. ಹೋಗುವಾಗ ಎಡಗಿವಿನೂ ತಗೊಂಡು ಹೋಯ್ತು."

"ವರ್ಷದಿಂದ ಕಿವಿ ನೋಡೋರ ಹತ್ರಾನೇ ಬರ್ತಿದೀರಿ. ಒಂದು ಮಾತು ಹೇಳೋಕೇನು?"

"ಹೇಳಿದ್ರೆ ನೀವು ನನ್ನನ್ನ ಈ ಕುರ್ಚೀಲಿ ಕೂರಿಸ್ತಿದ್ರಿ. ಹೆಡ್‌ಫೋನ್ ಹಾಕ್ತಿದ್ರಿ. ಗಾಜಿನ ಆ ಕಡೆ ನಿಂತು, ಈಗ ನೋಡ್ತಿದೀರಲ್ಲ, ಹೀಗೆ ನೋಡ್ತಿದ್ರಿ." ಅವರು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡರು. "ಬುಧವಾರ ನೀವು ನನ್ನನ್ನ ಹೀಗೆ ನೋಡ್ತಿರ್ಲಿಲ್ಲ ಮೇಡಂ."

ಏರಿಸಿದ್ದ ಸದ್ದನ್ನು ಸೊನ್ನೆಗೆ ಇಳಿಸಿದೆ.

"ಮತ್ತೆ ಆರು ತಿಂಗಳು?" ಎಂದು ಹೇಗೋ ಕೇಳಿದೆ.

"ಎಡಗಡೆ ಯಾರೋ ಏನೋ ಕೇಳಿದ ಹಾಗನ್ನಿಸಿದ್ರೆ ಅದನ್ನೇ ಹೇಳ್ತೀನಿ. ಫಿಲ್ಟರ್ ಒಳಗಿನ ಸೆರಾಮಿಕ್ ಉಂಗುರಗಳನ್ನ 'ಯಾವಾಗ ತೊಳೀಬೇಕು' ಅಂತ ತಾನೇ ಎಲ್ರೂ ಕೇಳೋದು. ಹತ್ತರಲ್ಲಿ ಒಂಬತ್ತು ಸಲ ಸರಿಹೋಗುತ್ತೆ." ಮುಂದಕ್ಕೆ ಬಾಗಿದರು. "ಅವತ್ತು ಸರಿಹೋಗ್ಲಿಲ್ಲ ಅಲ್ವಾ? ನೀವು ಥಟ್ಟನೆ ಎದ್ದು ಹೋದ್ರಿ. ಮರುದಿನ ಬರ್ಬೇಡಿ ಅಂದ್ರಿ. ಅವತ್ತು ಏನಂದಿದ್ರಿ?"

ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

"ಹೇಳಿ ಮೇಡಂ. ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡೋ ಅನುಕೂಲ ನನಗಿಲ್ಲ. ಏನಂದ್ರೂ ಒಳಗೇ ಉಳಿಯುತ್ತೆ."

ಮೈಕಿನ ಗುಂಡಿಯ ಮೇಲೆ ನನ್ನ ಬೆರಳಿತ್ತು. ಹೇಳಿಬಿಡಬಹುದಿತ್ತು. ಆದರೆ ಅದು ದಿನಕ್ಕೆ ಹತ್ತು ಜನರಿಗೆ ಕೈ ಎತ್ತಿ ಎನ್ನುವ ಮೈಕು, ನಡುವೆ ಗಾಜು. ಎಲ್ಲಕ್ಕಿಂತ ಹೆಚ್ಚಾಗಿ, ನನಗೆ ಹೆದರಿಕೆ. ಅವತ್ತು ಕೇಳಿಸಲಿಲ್ಲವೆಂಬ ನೆಪವಿತ್ತು. ಈಗ ಬಲಗಿವಿಗೆ ಹೇಳಿದ ಮೇಲೆ ಬೇಡ ಎಂದರೆ, ಆ ಬೇಡಕ್ಕೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ?

"ಸೆರಾಮಿಕ್ ಉಂಗುರದ ವಿಷಯಾನೇ ಕೇಳಿದ್ದೆ," ಎಂದೆ.

"ಓ." ಅವರ ಕಣ್ಣಿನ ಬೆಳಕು ಇಳಿದದ್ದು ಗಾಜಿನ ಈಚೆಗೂ ಕಂಡಿತು. "ಹಾಗಾದ್ರೆ ಉತ್ತರ ಸರಿಯಾಗೇ ಕೊಟ್ಟಿದ್ದೆ."

ಹೆಡ್‌ಫೋನ್ ತೆಗೆದು, ವೈರು ಸುತ್ತಿ, ಕುರ್ಚಿಯ ಮೇಲಿಟ್ಟು ಹೊರಗೆ ಬಂದರು. "ಶುರು ಮಾಡಿಕೊಟ್ಟು ಹೋಗ್ತೀನಿ. ಆಮೇಲೆ ನೀವೇ ನೋಡ್ಕೊಳ್ತೀರಲ್ಲ."

ಹೊರಗೆ ಗುಳ್ಳೆಗಳ ಸಾಲು ನಿಂತಿತ್ತು, ಕೊಳವೆಗಳು ತುಂಬಿ ಸುಮ್ಮನಾಗಿದ್ದವು. ಅವರು ಸ್ವಿಚ್ ಹಾಕಿದರು. ನೀರು ಮೇಲೇರಿ ಟ್ಯಾಂಕಿನ ಮೈಮೇಲೆ ಹರಡಿತು. ಗೋಡೆಯ ಮೇಲಿನ ಬೆಳಕು ಮತ್ತೆ ಅಲುಗಾಡಿತು. ಕುಂಬಳಕಾಯಿ ಹೊಸ ನೀರಿಗೆ ಮೈಯೊಡ್ಡಿ ಬಾಲ ಬಿಚ್ಚಿತು. ಆಗ ಒಳಗಿಂದ ಬಂತು: ಗುಳಕ್.

ಅವರು ಡಬ್ಬ ಹಿಡಿದು ಮೆಲ್ಲಗೆ ವಾಲಿಸತೊಡಗಿದರು. ಆ ಕಡೆ, ಈ ಕಡೆ. ಗುಳಕ್. ಹೆಸರು ಹೇಳಲಿಲ್ಲ. ವರ್ಷದಲ್ಲಿ ಮೊದಲ ಸಲ ಅವರು ಹೆಸರು ಹೇಳದೆ ಫಿಲ್ಟರ್ ತೂಗುತ್ತಿದ್ದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಬಲಗಡೆಯ ಬಕೆಟ್ಟನ್ನು ಎತ್ತಿ ಆಚೆ ಇಟ್ಟೆ. ಟವೆಲ್ಲನ್ನು ಸರಿಸಿದೆ. ಒದ್ದೆ ನೆಲದ ಮೇಲೆ ಅವರ ಬಲಕ್ಕೆ ಕೂತೆ.

"ಹೆಸರು ಹೇಳಲ್ವಾ?"

ಅವರು ತಲೆ ತಿರುಗಿಸಿದರು. ಅದೇ ಕೆನ್ನೆ, ತುಟಿಯ ಮೇಲೆ ಅದೇ ನೋಟ. ಯಾಕೆಂದು ಈಗ ಗೊತ್ತಿತ್ತು. ಗೊತ್ತಿದ್ದೂ ಎದೆ ಮೊದಲಿನಷ್ಟೇ ಹೊಡೆದುಕೊಂಡಿತು.

"ಹಲ್ಲಿನ ಡಾಕ್ಟ್ರಾ?" ಎಂದರು ಮನಸ್ಸಿಲ್ಲದ ಮನಸ್ಸಿನಿಂದ.

ಗುಳಕ್.

"ನರ್ಸಮ್ಮ? ಓನರ್ರು?"

ಗುಳಕ್. ಗುಳಕ್.

"ಅಮ್ಮನವರಾ?"

ಗುಳಕ್.

"ಇನ್ಯಾರೂ ಉಳಿದಿಲ್ಲ ಮೇಡಂ."

"ಒಬ್ಬರನ್ನ ಕೇಳೇ ಇಲ್ಲ ನೀವು."

"ಯಾರು?"

ಇನ್ನು ಕಾದರೆ ಒಳಗಿನ ಗಾಳಿ ಒಳಗೇ ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಅವರ ಬಲಗಿವಿಯ ಹತ್ತಿರ ಬಾಗಿದೆ. "ನಾನು," ಎಂದೆ. "ಫಿಲ್ಟರನ್ನಲ್ಲ ನೆನೆಸ್ಕೊಂಡಿದ್ದು, ನಿಮ್ಮನ್ನ. ದಿನಾ. ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಅವತ್ತು ಅಂದಿದ್ದೂ ಇದೇ. ಉಂಗುರದ ವಿಷಯ ಅಲ್ಲ."

ಅವರ ಕೈ ನಿಂತುಹೋಯಿತು. ಡಬ್ಬ ವಾಲಿದ್ದ ಹಾಗೇ ನಿಂತಿತು. ಎಲ್ಲೋ ಸ್ಪಾಂಜಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಗುಳ್ಳೆ ಜಾರಿ, ಕೊಳವೆ ಏರಿ, ಕುಂಬಳಕಾಯಿಯ ಮೂತಿಯ ಪಕ್ಕದಲ್ಲೇ ಹಾದು ಮೇಲೆ ಒಡೆಯಿತು. ಫಿಲ್ಟರ್ ಸುಮ್ಮನಾಯಿತು.

 ಒಂದು, ಎರಡು, ಮೂರು. ನಾನು ಸದ್ದಿನ ಲೆಕ್ಕದವಳು, ಮೌನವನ್ನೂ ಎಣಿಸುತ್ತೇನೆ. ಏಳರವರೆಗೆ ಎಣಿಸಿದೆ. ಆಗ ಅವರ ಬಲಗೈ ಡಬ್ಬದಿಂದ ಬಿಡಿಸಿಕೊಂಡು ಮೆಲ್ಲಗೆ, ಗೂಡಿನಲ್ಲಿ ಕೂತವರ ಹಾಗೇ, ಮೇಲಕ್ಕೆದ್ದಿತು. ಬೆರಳುಗಳಿಂದ ನೀರು ಇಳಿದು ಮಡಿಚಿದ ತೋಳಿನೊಳಗೆ ಹೋಗುತ್ತಿತ್ತು. ಕಣ್ಣು ತುಂಬಿತ್ತು.

"ಕೇಳಿಸ್ತು," ಎಂದರು.

"ಮತ್ತೆ... ಉತ್ತರ?"

"ಉತ್ತರ ವರ್ಷದಿಂದ ಇಲ್ಲೇ ಇದೆ. ಪ್ರಶ್ನೆ ಸರಿಯಾದ ಕಿವಿಗೆ ಬರ್ಬೇಕಿತ್ತು." ಎತ್ತಿದ ಕೈ ಇಳಿಸದೆಯೇ ನಕ್ಕರು, ಈ ಸಲ ತಡವಿಲ್ಲದೆ. "ಆದ್ರೆ ಮೇಡಂ, ಇದು ಆರು ತಿಂಗಳಿಗೊಮ್ಮೆ ಅಂದ್ರೆ ಸಾಲಲ್ಲ."

"ಮೊದಲು ಆ ಮೇಡಂ ಬಿಡಿ," ಎಂದೆ.  "ದಿನಾ ಹೇಳ್ತೀನಿ. ಬಲಗಡೆನೇ ಕೂತ್ಕೊಂಡು."

ನಾಲ್ಕು ಗಂಟೆಯ ಬೆಳಕು ಅವರ ಬಿಳಿ ಶರ್ಟಿನ ಮೇಲಿಂದ ನನ್ನ ತೋಳಿಗೆ ಬಂದು, ಅಲ್ಲಿಂದ ಗೋಡೆಗೆ ಹೋಗಿ ತೇಲುತ್ತಿತ್ತು. ನಾಚಿಕೆಯಾಗಿ ಮುಖ ತಿರುಗಿಸಿ ಮೇಜಿನ ಕಡೆ ನೋಡಿದೆ. ಡ್ರಾಯರು ತೆರೆದಿತ್ತು. ಅತ್ತೆ ಕಿವಿಗೆ ಮಷಿನ್ ಹಾಕಿಕೊಂಡು ನೆಟ್ಟಗೆ ಕೂತಿದ್ದಳು. ಅವಳೂ ಕೈ ಎತ್ತಿದ್ದಳು.